ಬೇಸ್ ಗಿಟಾರಿನವನಿಗೂ ಒಂದು ಹೆಸರಿರುತ್ತದೆ ಸ್ವಾಮಿ

ಮೈಸೂರಿನ ಕುವೆಂಪುನಗರದ ಗಣಪತಿ ಪೆಂಡಾಲಿನ ಆರ್ಕೆಸ್ಟ್ರಾ ಕೇಳಿ ಈಗಷ್ಟೇ ಮನೆಗೆ ಬಂದೆ. ಹೊಟ್ಟೆ ಉರಿಯುತ್ತಿದೆ. ನಿರೂಪಕ ಮಹಾಶಯರು ಗಾಯಕರಿಂದ ಹಿಡಿದು ಜನರೇಟರ್ ಕೊಟ್ಟವರವರೆಗೆ ಎಲ್ಲರ ಹೆಸರು ಕೂಗಿ ಚಪ್ಪಾಳೆ ಹೊಡೆಸಿದರು. ಡ್ರಮ್ಸ್ ಪಕ್ಕದ ಕತ್ತಲಲ್ಲಿ ನಿಂತು ಇಡೀ ಕಾರ್ಯಕ್ರಮವನ್ನು ಹೊತ್ತ ಬೇಸ್ ಗಿಟಾರಿನ (ಹಾಡಿನ ತಳದ ಮಂದ್ರ ಸ್ವರಗಳನ್ನು ನುಡಿಸುವ ಗಿಟಾರ್) ಹುಡುಗನನ್ನು ಮಾತ್ರ ಬಿಟ್ಟರು.

ಆ ಹುಡುಗ ಮಾಡಿದ್ದೇನು ಗೊತ್ತೇ? ಕೈಯಲ್ಲಿದ್ದುದು ಜಾಝ್ ಬೇಸ್ ಎಂಬ ಮಾದರಿಯ ನಾಲ್ಕು ತಂತಿಯ ವಾದ್ಯ. ನಾದ ಬದಲಿಸುವ ಪೆಡಲ್ ಇಲ್ಲ, ಸ್ವಂತ ಆಂಪ್ (ಧ್ವನಿವರ್ಧಕ) ಇಲ್ಲ, ವಾದ್ಯದ ಸಿಗ್ನಲನ್ನು ಮಿಕ್ಸರಿಗೆ ಹೊಂದಿಸುವ ಡಿಐ ಬಾಕ್ಸಿನಿಂದ ನೇರ ಮಿಕ್ಸರಿಗೆ. ಭಾವಗೀತೆ ಬಂದಾಗ ಟೋನ್ ಗುಂಡಿ ತಗ್ಗಿಸಿ, ಅಂಗೈಯ ಅಂಚನ್ನು ತಂತಿಗಳು ಕೊನೆಗೊಳ್ಳುವ ಬ್ರಿಡ್ಜ್ ಬಳಿ ಒತ್ತಿ ಹೆಬ್ಬೆರಳಿನಲ್ಲಿ ಮೀಟಿದ. ಸ್ವರ ಹುಟ್ಟಿದೊಡನೆ ಆರಿ, ಗಾಯಕಿಯ ಉಸಿರಿಗೂ ಜಾಗ ಸಿಗುತ್ತಿತ್ತು. ಹಳೆಯ ಚಿತ್ರಗೀತೆಗೆ ಬೆರಳುಗಳು ವಾದ್ಯದ ಕುತ್ತಿಗೆಯ ಕಡೆ ಸರಿದವು, ನಾದ ದುಂಡಗಾಯಿತು. ಕುಣಿತದ ಹಾಡಿಗೆ ಮತ್ತೆ ಬ್ರಿಡ್ಜ್ ಬಳಿ ಬಿಗಿಯಾದ ಮೀಟು, ನಡುನಡುವೆ ಸ್ಲ್ಯಾಪ್, ಅಂದರೆ ಹೆಬ್ಬೆರಳಿನಿಂದ ತಂತಿಗೆ ಬಡಿತ. ಇಷ್ಟನ್ನೂ ಸೌಂಡಿನ ಪುಣ್ಯಾತ್ಮರು ಮಂದ್ರ ಸ್ವರದ ಸ್ಪೀಕರಾದ ಸಬ್‌ವೂಫರ್ ಏರಿಸಿ ಒಂದೇ 'ಧುಂ' ಮಾಡಿ ಬಡಿಸಿದರು! ನನಗೆ ಇದೆಲ್ಲ ಕೇಳಿಸಿದ್ದು ಮಾನಿಟರ್ (ಕಲಾವಿದರಿಗೇ ಕೇಳಿಸುವ ವೇದಿಕೆಯ ಸ್ಪೀಕರ್) ಪಕ್ಕಕ್ಕೆ ಹೋಗಿ ನಿಂತದ್ದರಿಂದ.

ಸಂಘಟಕರೊಬ್ಬರ ವಾದ ಕೇಳಿ: "ಬೇಸ್ ಯಾಕೆ, ಕೀಬೋರ್ಡಿನ ಎಡಗೈ ಸಾಕು, ಒಬ್ಬರ ಸಂಭಾವನೆ ಉಳಿಯುತ್ತದೆ." ಕೀಬೋರ್ಡಿನಲ್ಲಿ ಚೆನ್ನಾಗಿ ಬೇಸ್ ನುಡಿಸುವವರಿದ್ದಾರೆ, ಒಪ್ಪೋಣ. ಆದರೆ ಬಲಗೈಯಲ್ಲಿ ವಯಲಿನ್, ಕೊಳಲು, ಶಹನಾಯಿ ಎಲ್ಲವನ್ನೂ ನಿಭಾಯಿಸುವವನ ಎಡಗೈಗೆ ಆ ತಂತಿಯ ಜಾರು ಎಲ್ಲಿಂದ ಬರಬೇಕು? ಉಳಿದ ಹಣದಲ್ಲಿ ಇನ್ನೊಂದು ಎಲ್‌ಇಡಿ ಪರದೆ ತರುತ್ತೀರಿ, ಅಷ್ಟೇ.

ಬೇಸಿನವನ ಹೆಸರು ಬಿಡುವ ಈ ಕಾಯಿಲೆ ಮೈಸೂರಿನದ್ದೇ ಅಲ್ಲ ಬಿಡಿ. 1960ರ ದಶಕದಲ್ಲಿ ಅಮೆರಿಕದ ಮೋಟೌನ್ ಕಂಪನಿಯ ಸಾಲು ಸಾಲು ಜನಪ್ರಿಯ ಹಾಡುಗಳಿಗೆ ಬೇಸ್ ನುಡಿಸಿದವರು ಜೇಮ್ಸ್ ಜೇಮರ್ಸನ್. ಬಲಗೈಯ ತೋರುಬೆರಳೊಂದರಲ್ಲೇ ಮೀಟುತ್ತಿದ್ದ ಮನುಷ್ಯ, ತಂತಿ ತುಂಡಾಗುವವರೆಗೂ ಬದಲಿಸುತ್ತಿರಲಿಲ್ಲ. ಅಂಥವರ ಹೆಸರು ಆ ಕಂಪನಿಯ ರೆಕಾರ್ಡಿನ ಹೊದಿಕೆಯ ಮೇಲೆ ಅಚ್ಚಾಗಲು 1971 ಬರಬೇಕಾಯಿತು. ನಮ್ಮ ನಿರೂಪಕರಿಗೆ ಇನ್ನೂ ಆ ಇಸವಿ ಬಂದಿಲ್ಲ.

ನನ್ನ ಕಥೆಯೂ ಅದೇ. ಮಂಡ್ಯದ ಆರತಕ್ಷತೆಗಳಲ್ಲಿ ಬೇಸ್ ನುಡಿಸುತ್ತಿದ್ದಾಗ ನನ್ನನ್ನು 'ಇನ್ನೊಂದು ಗಿಟಾರ್' ಎಂದೇ ಕರೆಯುತ್ತಿದ್ದರು. ಬ್ಯಾಂಕಿನ ಕೆಲಸ ಸಿಕ್ಕಿತು, ವಾದ್ಯ ಮಂಚದಡಿ ಸೇರಿತು. ಹಾಗಾಗಿ ಈ ಕೋಪದಲ್ಲಿ ಅರ್ಧಪಾಲು ಆ ಹುಡುಗನ ಮೇಲಿನ ಅಸೂಯೆಯೂ ಇದೆ. ಇರಲಿ.

ಕೆಳಗೆ ಕಾಮೆಂಟಿನಲ್ಲಿ ಬಂದು 'ಕೀಬೋರ್ಡ್ ಸಾಕು' ಎಂದು ಬರೆಯುವವರು ಮೊದಲು ಇಳಯರಾಜ ಸಂಗೀತದ 1981ರ 'ಗೀತಾ' ಚಿತ್ರದ ಹಾಡುಗಳನ್ನು ಕೇಳಿ, ಬೇಸ್ ಎಲ್ಲೆಲ್ಲಿ ನಡೆಯುತ್ತದೆ ನೋಡಿ, ಆಮೇಲೆ ಜಗಳಕ್ಕೆ ಬನ್ನಿ. ಹೆಡ್‌ಫೋನ್ ಹಾಕಿಕೊಂಡೇ ಕೇಳಬೇಕು. ಬೇಸಿನ ದಪ್ಪ ತಂತಿಯ ಸ್ವರ ಸುಮಾರು 41 ಹರ್ಟ್ಸ್, ಅಂದರೆ ಸೆಕೆಂಡಿಗೆ 41 ಕಂಪನ. ನಿಮ್ಮ ಮೊಬೈಲಿನ ಪುಟ್ಟ ಸ್ಪೀಕರಿಗೆ ಅಷ್ಟು ಕೆಳಗಿಳಿಯಲು ಆಗುವುದಿಲ್ಲ.