ಇಬ್ಬರು ಇಮ್ರುಲ್ ಕೈಸ್‌ರು: ಒಂದು ಸ್ಪಷ್ಟನೆ

'ಪ್ರೇಮಕವಿ ಇಮ್ರುಲ್ ಕೈಸ್‌ನ ಗೋರಿಕಲ್ಲು' ಅಂತ ವಾಟ್ಸಾಪ್‌ನಲ್ಲಿ ಒಂದು ಫೋಟೋ ಓಡಾಡುತ್ತಿದೆ. ಕಲ್ಲು ನಿಜ, ಆದರೆ ಆಳು ಆ ಹಳೆಯ ಅರಬ್ಬಿ ಕವಿಯಲ್ಲ, ಅದೇ ಹೆಸರಿನ ಬೇರೊಬ್ಬ.

ದಕ್ಷಿಣ ಸಿರಿಯಾದ ನಮಾರಾದಲ್ಲಿ 1901ರಲ್ಲಿ ಸಿಕ್ಕ ಈ ಕಪ್ಪು ಕಲ್ಲು ಈಗ ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂನಲ್ಲಿದೆ. ಐದೇ ಸಾಲು. ಮಾತು ಅರಬ್ಬಿ, ಲಿಪಿ ಮಾತ್ರ ನಬಾತಿ, ಅಂದರೆ ಪೆಟ್ರಾ ನಗರ ಕಟ್ಟಿದ ನಬಾತಿ ಜನರದು. ಲಖ್ಮಿ ವಂಶದ ರಾಜ, ಅಮ್ರ್‌ನ ಮಗ ಇಮ್ರುಲ್ ಕೈಸ್‌ನನ್ನು 'ಎಲ್ಲ ಅರಬರ ದೊರೆ' ಎಂದು ಅದು ಕರೆಯುತ್ತದೆ. ಸ್ವಲ್ಪ ಜಾಸ್ತಿಯೇ ಆಯ್ತು ಅನ್ನಿ, ಹೊಗಳಿಕೆಯ ಶಾಸನ ಅಲ್ವಾ! ಸತ್ತ ವರ್ಷ 223 ಅಂತಿದೆ. ಅದು ಸಿರಿಯಾದ ಬೊಸ್ರಾ ಊರಿನ ವರ್ಷಗಣನೆಯ ಲೆಕ್ಕ, ನಮ್ಮ ಕ್ಯಾಲೆಂಡರಿಗೆ ಕ್ರಿ.ಶ. 328.

ಕವಿ ಇಮ್ರುಲ್ ಕೈಸ್ ಕಿಂದಾ ಮನೆತನದವನು, ಹುಜ್ರ್‌ನ ಮಗ. ಅವನ ಕಾಲ ಆರನೇ ಶತಮಾನ. ಹೆಸರೊಂದೇ, ನಡುವೆ ಸುಮಾರು ಇನ್ನೂರು ವರ್ಷ.