ವಕೀಲರು ಪುಕ್ಕಟೆ, ಪಹಣಿ ನೀವೇ ತನ್ನಿ

ಬಡವನಿಗೆ ವಕೀಲರು ಸಿಗಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಸಿಗುತ್ತಾರೆ. ಸಂವಿಧಾನದ 39ಎ ವಿಧಿ ಇದೆ, 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಇದೆ. ಜೈಲಿನಲ್ಲಿರುವವನಿಗೆ ಆದಾಯ ಪ್ರಮಾಣಪತ್ರವೂ ಬೇಡ. 2022ರಲ್ಲಂತೂ ಆರೋಪಿಗಳ ಪರ ವಾದಿಸುವುದಕ್ಕೆಂದೇ ಪೂರ್ಣಾವಧಿಯ ಕಾನೂನು ನೆರವು ಅಭಿರಕ್ಷಕರನ್ನು ಇಡುವ ಯೋಜನೆ ಬಂತು.

ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಕ್ರೇಟು ಹೊರುವ ಒಬ್ಬ ಹುಡುಗ ಇದ್ದಾನೆ ಅಂದುಕೊಳ್ಳಿ. ಬೈಕ್ ಕದ್ದ ಅಂತ ಕೇಸು. ಅವನಮ್ಮನಿಗೆ ಮೊದಲು ಪುಕ್ಕಟೆ ವಕೀಲರ ಮೇಲೆಯೇ ಅನುಮಾನ. ಹಿಡಿದವರು ಸರ್ಕಾರದವರು, ಎದುರು ವಾದಿಸುವವರು ಸರ್ಕಾರದವರು, ಈಗ ನಮ್ಮ ಕಡೆಯವರೂ ಸರ್ಕಾರದ ದುಡ್ಡಿನವರೇ ಅಂದರೆ ಯಾರಿಗೆ ತಾನೇ ಗಾಬರಿಯಾಗಲ್ಲ? ಆದರೆ ವಕೀಲರು ಗಟ್ಟಿಗರು. ಜಾಮೀನು ಮಾಡಿಸಿಯೇಬಿಟ್ಟರು.

"ಅಮ್ಮಾ, ಬೇಲ್ ಆಯ್ತು."

"ಹಂಗಾದ್ರೆ ಸಂಜೆಗೆ ಮನೆಗೆ ಬತ್ತಾನಾ ಸಾಮಿ?"

"ಇಬ್ಬರು ಶ್ಯೂರಿಟಿ ಬೇಕು. ಪಹಣಿ ಇರೋರು."

"ಪಹಣಿ ಇದ್ದಿದ್ರೆ ಅವನ್ಯಾಕೆ ಮಂಡೀಲಿ ಕ್ರೇಟು ಹೊರ್ತಿದ್ದ?"

ವಕೀಲರ ಬಳಿ ಇದಕ್ಕೆ ಉತ್ತರವಿಲ್ಲ. ಹಳೆಯ ದಂಡ ಸಂಹಿತೆ ಐಪಿಸಿ, ಅದರ ಜಾಗಕ್ಕೆ ಬಂದ ಬಿಎನ್‌ಎಸ್ ಎರಡರಲ್ಲೂ ಇಲ್ಲ.

ಮನೆತನದಲ್ಲಿ ಪಹಣಿ ಇರುವವರು ಒಬ್ಬರೇ, ತಾತ. ಅವರು ತೀರಿಕೊಂಡು ಬಹಳ ಕಾಲವಾಯಿತು. ಖಾತೆ ಮಾತ್ರ ಇನ್ನೂ ಅವರ ಹೆಸರಿನಲ್ಲೇ ಇದೆ. ಕೋರ್ಟಿಗೆ ಬಂದು ಸಹಿ ಹಾಕಿ ಅಂದರೆ ಬರುವ ಸ್ಥಿತಿಯಲ್ಲಿ ಅವರಿಲ್ಲ. ಊರಿನಲ್ಲಿ ಜಮೀನಿದ್ದವರು ಸೈಟು ಮಾಡಿ ಮಾರಿ ಬೆಂಗಳೂರು ಸೇರಿದ್ದಾರೆ. ಸೋದರಮಾವನಿಗೆ ಜಮೀನಿದೆ, ಆದರೆ ಅದು ಗಡಿಯಾಚೆ ಪುಂಗನೂರಿನ ಕಡೆ. ಕೋಲಾರ ಜಿಲ್ಲೆಯಲ್ಲಿ ಹೆಣ್ಣು ಕೊಟ್ಟು ತರುವಾಗ ಆಂಧ್ರ, ಕರ್ನಾಟಕ ಅಂತ ಯಾರೂ ನೋಡಲ್ಲ. ಶ್ಯೂರಿಟಿ ಕೊಡುವಾಗ ಮಾತ್ರ ಗಡಿ ನೆನಪಾಗುತ್ತದೆ.

ಮಧ್ಯಪ್ರದೇಶದ ಗಾರೆ ಕೆಲಸದ ಮೋತಿ ರಾಮ್‌ಗೂ ಹೀಗೇ ಆಗಿತ್ತು. ಹತ್ತು ಸಾವಿರದ ಶ್ಯೂರಿಟಿ ಕೇಳಿದರು. ಅಣ್ಣತಮ್ಮಂದಿರಲ್ಲಿ ಒಬ್ಬ ನಿಲ್ಲಲು ಬಂದರೆ, ಆಸ್ತಿ ಬೇರೆ ಜಿಲ್ಲೆಯದು, ನಡೆಯಲ್ಲ ಅಂದರು. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಇದನ್ನು ತರಾಟೆಗೆ ತೆಗೆದುಕೊಂಡು, ಸಾವಿರ ರೂಪಾಯಿಯ ಸ್ವಂತ ಬಾಂಡಿನ ಮೇಲೆ ಬಿಡಿ ಎಂದರು. ಅದು 1978. ತಿಂಗಳಾದರೂ ಬಾಂಡ್ ಕೊಡಲಾಗದಿದ್ದರೆ ಷರತ್ತು ಸಡಿಲಿಸುವುದನ್ನು ಯೋಚಿಸಿ, ಸ್ಥಳೀಯ ಶ್ಯೂರಿಟಿಯೇ ಬೇಕೆಂದು ಪಟ್ಟು ಹಿಡಿಯಬೇಡಿ ಅಂತ 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಹೇಳಿತು. ದೆಹಲಿಯಿಂದ ಹೊರಟ ತೀರ್ಪು ತಾಲ್ಲೂಕಿಗೆ ಪ್ಯಾಸೆಂಜರ್ ರೈಲಿನಲ್ಲಿ ಬರುತ್ತದೋ ಏನೋ, ಎಲ್ಲಾ ಸ್ಟೇಷನ್ನಿನಲ್ಲೂ ಕ್ರಾಸಿಂಗ್.

ಪಹಣಿ ಸಿಗಲೇ ಇಲ್ಲ ಅಂದರೂ ಚಿಂತೆಯಿಲ್ಲ ಬಿಡಿ. ಕ್ರಿಮಿನಲ್ ಕೇಸು ನಡೆಸುವ ಕ್ರಮ ಹೇಳುವ ಹೊಸ ಕಾನೂನು ಬಿಎನ್‌ಎಸ್‌ಎಸ್‌ನ 479ನೇ ಕಲಂ ಇದೆ. ಮೊದಲ ಸಲ ಸಿಕ್ಕಿಬಿದ್ದವನು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೆ ಕಳೆದರೆ ಬಾಂಡ್ ಮೇಲೆ ಬಿಡಬೇಕು. ಕಳ್ಳತನಕ್ಕೆ ಮೂರು ವರ್ಷ. ಅಂದರೆ ತಪ್ಪು ಮಾಡಿದ್ದಾನೋ ಇಲ್ಲವೋ ಗೊತ್ತಾಗುವ ಮೊದಲೇ ಬರೀ ಒಂದು ವರ್ಷ. ಎಷ್ಟು ಕರುಣೆ, ಅಲ್ವಾ?

ಅಷ್ಟು ಕಾಯಲಾರದ ಅಮ್ಮನಿಗೆ ಕೋರ್ಟಿನ ಮುಂದಿನ ಟೀ ಅಂಗಡಿಯಲ್ಲಿ ಒಬ್ಬ ಸಿಗುತ್ತಾನೆ. ಪಹಣಿ ಇದೆ, ರೇಟೂ ಇದೆ. ಕಿವಿಯ ಓಲೆ ಗಿರವಿ ಅಂಗಡಿಗೆ ಹೋಗುತ್ತದೆ. ಒಳಗೆ ಸಾಹೇಬರು ಆರೋಪಿ ನಿಮಗೆ ಹೇಗೆ ಪರಿಚಯ ಎಂದು ಕೇಳುತ್ತಾರೆ.

"ಎತ್ತಿ ಆಡ್ಸಿದ್ದೀನಿ ಸ್ವಾಮಿ, ನಮ್ಮ ಹುಡುಗ."

ಹೊರಗೆ ಬಂದು ಬೀಡಿ ಹಚ್ಚಿಕೊಂಡು ಅಮ್ಮನನ್ನು ಕೇಳುತ್ತಾನೆ, "ಇವ್ರಲ್ಲಿ ನಮ್ಮ ಹುಡುಗ ಯಾವನಮ್ಮಾ?"