ಮುಚ್ಚುವ ಮೊದಲು ಒಂದು ಮಾತು ಕೇಳಬಾರದಾ?

ಊರಿಗೆ ಹೋಗಲು ಟಿಕೆಟ್ ಹುಡುಕುತ್ತಿದ್ದೆ. ಬೆಂಗಳೂರಿನಿಂದ ಕಲಬುರಗಿಗೆ ವಿಮಾನವೇ ಕಾಣಲಿಲ್ಲ. ಅಣ್ಣನಿಗೆ ಫೋನ್ ಮಾಡಿದರೆ, "ಅದು ಯಾವಾಗೋ ಬಂದ್ ಆಗ್ಯದ. ಸುಮ್ನೆ ರಾತ್ರಿ ರೈಲಿಗಿ ಬಾ" ಎಂದ. ವಿಮಾನ ನಿಂತದ್ದಕ್ಕಿಂತ ಅವನು ಅದನ್ನು ಹೇಳಿದ ರೀತಿಗೇ ನನಗೆ ಸಿಟ್ಟು ಬಂತು. ಹೊರಗೆ ಮಳೆ ಬರ್ತಿದೆ ಅಂದಷ್ಟೇ ಸಲೀಸಾಗಿ ಹೇಳಿಬಿಟ್ಟ.

2019ರ ನವೆಂಬರ್ 22ರಂದು ಕಲಬುರಗಿ ಪಕ್ಕದ ಶ್ರೀನಿವಾಸ ಸರಡಗಿಯಲ್ಲಿ ವಿಮಾನ ನಿಲ್ದಾಣ ಶುರುವಾದಾಗ ಮುಖ್ಯಮಂತ್ರಿಯೇ ಬಂದಿದ್ದರು. 2025ರ ಅಕ್ಟೋಬರ್‌ನಲ್ಲಿ ಬೆಂಗಳೂರು ವಿಮಾನ ನಿಂತಾಗ ಪತ್ರಿಕೆಯಲ್ಲಿ ಸುದ್ದಿ ಬಂತು, ಅಷ್ಟೇ. ಲೆಕ್ಕ ಗುಟ್ಟೇನಲ್ಲ. ಸಣ್ಣ ಊರುಗಳಿಗೆ ವಿಮಾನ ತರುವ ಕೇಂದ್ರದ ಉಡಾನ್ ಯೋಜನೆಯಲ್ಲಿ ಒಂದು ಮಾರ್ಗದ ನಷ್ಟವನ್ನು ಸರ್ಕಾರ ಮೂರು ವರ್ಷ ತುಂಬಿಕೊಡುತ್ತದೆ. ಶೇ 80 ಕೇಂದ್ರದ್ದು, ಶೇ 20 ರಾಜ್ಯದ್ದು. ಆಮೇಲೆ ಕಂಪನಿ ತನ್ನ ದುಡಿಮೆಯಲ್ಲೇ ನಡೆಸಬೇಕು. ಈ ಗಡುವು ಮೊದಲ ದಿನವೇ ಗೊತ್ತಿತ್ತು, ಅಲ್ವಾ? ಮುಂದೇನು ಅಂತ ನಮ್ಮ ಮಂದಿಯನ್ನು ಕೂರಿಸಿಕೊಂಡು ಯಾರಾದರೂ ಕೇಳಿದರಾ?

ನಾನಿರುವುದು ಇಂಗ್ಲೆಂಡಿನ ಸ್ಟಾಕ್‌ಪೋರ್ಟ್‌ನಲ್ಲಿ. ಇಲ್ಲಿಂದ ಸ್ಟೇಲಿಬ್ರಿಜ್‌ಗೆ ಒಂದು ರೈಲಿದೆ. ವಾರಕ್ಕೆ ಒಂದೇ ದಿನ, ಶನಿವಾರ ಬೆಳಿಗ್ಗೆ. ಹತ್ತುವವರು ಬೆರಳೆಣಿಕೆಯಷ್ಟು. ಮತ್ತೆ ಯಾಕೆ ಓಡಿಸುತ್ತಾರೆ? ನಿಲ್ಲಿಸುವುದು ಅಷ್ಟು ತಲೆನೋವು! ಮಾರ್ಗ ಮುಚ್ಚಬೇಕಾದರೆ ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು, ಕನಿಷ್ಠ 12 ವಾರ ಜನರ ಅಭಿಪ್ರಾಯ ಕೇಳಬೇಕು, ಕೊನೆಗೆ ರೈಲು ನಿಯಂತ್ರಣ ಸಂಸ್ಥೆಯೂ ಒಪ್ಪಬೇಕು. ಅದಕ್ಕಿಂತ ಖಾಲಿ ರೈಲು ಓಡಿಸುವುದೇ ಸುಲಭ. ಪಕ್ಕಾ ಹುಚ್ಚಾಟ. ಆದರೂ ನನಗೆ ಆ ರೈಲು ಇಷ್ಟ.

2023ರಲ್ಲಿ ನಿಲ್ದಾಣಗಳ ಟಿಕೆಟ್ ಕೌಂಟರ್ ಮುಚ್ಚಲು ರೈಲು ಕಂಪನಿಗಳು ಹೊರಟವು. ಎಲ್ಲರೂ ಮೊಬೈಲಿನಲ್ಲೇ ಟಿಕೆಟ್ ತಗೋತಾರೆ ಅನ್ನೋದು ವಾದ. ಏಳು ಲಕ್ಷಕ್ಕೂ ಜಾಸ್ತಿ ಜನ ಅಭಿಪ್ರಾಯ ಕಳಿಸಿದರು. ಕಣ್ಣು ಕಾಣದವರು, ವಯಸ್ಸಾದವರು ಜೋರಾಗಿಯೇ ಬೇಡ ಎಂದರು. ಅಕ್ಟೋಬರ್ 31ಕ್ಕೆ ಸರ್ಕಾರ ಕಂಪನಿಗಳಿಗೆ ಪ್ರಸ್ತಾವ ವಾಪಸ್ ತಗೊಳ್ಳಿ ಅಂದಿತು.

ನಮ್ಮಲ್ಲೂ ಮನವಿ ಕೊಡುತ್ತಾರೆ, ಧರಣಿ ಕೂರುತ್ತಾರೆ. ಆದರೆ ಬಾಗಿಲು ಹಾಕಿದ ಮೇಲೆ.

ಹಾಗಂತ ಇಲ್ಲಿ ಎಲ್ಲವೂ ಚೆನ್ನಾಗಿದೆ ಅಂತಲ್ಲ. ನಷ್ಟದ ರೈಲು ಮಾರ್ಗಗಳನ್ನು ಮುಚ್ಚಿ ಎಂದ 1963ರ ಬೀಚಿಂಗ್ ವರದಿಯ ನಂತರ ಎರಡು ಸಾವಿರಕ್ಕೂ ಹೆಚ್ಚು ನಿಲ್ದಾಣಗಳು ಹೋದವು. ಆಗಲೂ ಜನರನ್ನು ಕೇಳಿದ್ದರು, ಕೇಳಿಯೂ ಮುಚ್ಚಿದರು. ಬಸ್ಸಿಗಂತೂ ರೈಲಿನಷ್ಟು ಮರ್ಯಾದೆಯೇ ಇಲ್ಲ. ಲಂಡನ್, ಗ್ರೇಟರ್ ಮ್ಯಾಂಚೆಸ್ಟರ್‌ನಂಥ ಕೆಲವು ಕಡೆ ಬಿಟ್ಟರೆ ಇಂಗ್ಲೆಂಡಿನ ಹೆಚ್ಚಿನ ಕಡೆ ಲಾಭವಿಲ್ಲದ ಬಸ್ಸನ್ನು ಕಂಪನಿಗಳು ಮುಂಗಡ ನೋಟಿಸ್ ಕೊಟ್ಟು ನಿಲ್ಲಿಸುತ್ತವೆ. ಇನ್ನು ಅಣ್ಣನ ಮಾತಿಗೆ ಬಂದರೆ, ಅವನಿಗೆ ವಿಮಾನದಿಂದ ಆಗಬೇಕಾದ್ದೇನೂ ಇರಲಿಲ್ಲ. ರಾತ್ರಿ ಹತ್ತಿ ಮಲಗಿದರೆ ಬೆಳಿಗ್ಗೆ ಬೆಂಗಳೂರು. 2024ರಿಂದ ವಂದೇ ಭಾರತ್ ಕೂಡ ಇದೆ. ಸೀಟು ತುಂಬದಿದ್ದರೆ ಕಂಪನಿ ತಾನೇ ಎಷ್ಟು ದಿನ ಹಾರಿಸೀತು, ಅದೂ ನಿಜ.

ಆದರೂ ಆ ಶೇ 20ರಲ್ಲಿ ನಮ್ಮ ತೆರಿಗೆಯೂ ಇದೆ. ರಾಜ್ಯ ಸರ್ಕಾರ ಮುಂದಿನ ಕಂಪನಿಗೆ ಸಹಿ ಹಾಕುವಾಗ, ನಿಲ್ಲಿಸುವ 12 ವಾರ ಮೊದಲು ಕಲಬುರಗಿಯಲ್ಲೇ ಸಭೆ ಕರೆಯಬೇಕು ಅಂತ ಒಂದು ಸಾಲು ಸೇರಿಸಲಿ. ಅಣ್ಣ ಬರಲಿಕ್ಕಿಲ್ಲ. ನಾನಂತೂ ಪತ್ರ ಬರೆಯುತ್ತೇನೆ.